ದೂರದ ಕೇಳುಗನ 'ಹೂಂ' ಸಭೆಗೆ ಮುಟ್ಟುವುದೆಂತು?

ಶ್ರಾವಣ ಮಾಸ ಬಂದಿತೆಂದರೆ ಕೃಷ್ಣೆ ಮತ್ತು ತುಂಗಭದ್ರೆಯರ ನಡುವಿನ ನಮ್ಮ ಎಡೆದೊರೆ ನಾಡಿನಲ್ಲಿ ಊರೂರಿಗೂ ಪುರಾಣ ಹಚ್ಚುವ ಸಂಭ್ರಮ. ರಾಯಚೂರು ನಗರದ ಮಠಗಳಾಗಲಿ, ದೇವದುರ್ಗ, ಮಾನ್ವಿ ತಾಲ್ಲೂಕುಗಳ ಸಣ್ಣ ಹಳ್ಳಿಗಳ ಬಸವಣ್ಣನ ಗುಡಿಗಳಾಗಲಿ, ಸಂಜೆಯಾಗುತ್ತಲೇ ಜಮಖಾನೆ ಹಾಸಿ, ಹಾರ್ಮೋನಿಯಂ ತಬಲಾಗಳನ್ನು ಹೊಂದಿಸಿ, ದಿನದ ದುಡಿಮೆ ಮುಗಿಸಿ ಬಂದ ಜನರನ್ನು ಎದುರುಗೊಳ್ಳುತ್ತವೆ. ಪುರಾಣಿಕರು ಪ್ರಸಂಗವೊಂದನ್ನು ಹೇಳುತ್ತ ಹೇಳುತ್ತ ನಡುವೆ ಒಂದು ಕ್ಷಣ ನಿಲ್ಲುತ್ತಾರೆ. ಆಗ ಮುಂದಿನ ಸಾಲಿನಲ್ಲಿ ಕುಳಿತ ಹಿರಿಯರೊಬ್ಬರು 'ಹೂಂ' ಎನ್ನುತ್ತಾರೆ. ತಾಯಂದಿರ ಕಡೆಯಿಂದ ಒಂದು ನಿಟ್ಟುಸಿರು ಕೇಳುತ್ತದೆ. ಪುರಾಣ ಮತ್ತೆ ಮುಂದೆ ಸಾಗುತ್ತದೆ. ಕಥೆ ಹೇಳುವ ಅಜ್ಜಿಗೂ ಮೊಮ್ಮಗನು ಹೂಂಗುಟ್ಟಬೇಕು. ಇಲ್ಲವಾದರೆ ಮಗುವಿಗೆ ನಿದ್ದೆ ಹತ್ತಿತೆಂದು ತಿಳಿದು ಆಕೆ ಕಥೆಯನ್ನು ಅಲ್ಲಿಗೇ ನಿಲ್ಲಿಸುತ್ತಾಳೆ. ಹೇಳುವವನ ಮಾತು ಎಷ್ಟು ಮುಖ್ಯವೋ ಕೇಳುವವನ ಈ ಮರುದನಿಯೂ ಅಷ್ಟೇ ಮುಖ್ಯವೆಂಬುದು ನಮ್ಮ ಜನಕ್ಕೆ ಯಾರೂ ಕಲಿಸದೆ ತಿಳಿದ ಸತ್ಯ.

ಇಂದು ಈ ಸಭೆಗಳು ಮಠದ ಗೋಡೆಗಳನ್ನು ದಾಟಿವೆ. ಮೊಬೈಲ್ ಫೋನೊಂದನ್ನು ಕಂಬಕ್ಕೆ ಕಟ್ಟಿ ನಿಲ್ಲಿಸಿದರೆ ಸಾಕು, ಬೆಂಗಳೂರಿನಲ್ಲಿ ದುಡಿಯುವ ಮಗನೂ ಪುಣೆಯಲ್ಲಿ ನೆಲೆಸಿದ ಮಗಳೂ ಆ ಕ್ಷಣದಲ್ಲಿಯೇ ತಮ್ಮೂರಿನ ಪುರಾಣವನ್ನು ಕಾಣಬಲ್ಲರು. ಸಂತೋಷದ ಮಾತೇ ಸರಿ. ಆದರೆ ಹೀಗೆ ದೂರದಲ್ಲಿ ಕುಳಿತು ಕೇಳುವವರ 'ಹೂಂ' ಸಭೆಗೆ ಮುಟ್ಟುವುದೇ? ಮುಟ್ಟಬೇಕೇ? ಮುಟ್ಟಿಸುವ ಬಗೆ ಯಾವುದು? ಈ ಮೂರು ಪ್ರಶ್ನೆಗಳನ್ನು ವಾಚಕರ ಮುಂದಿಟ್ಟು ನಾಲ್ಕು ಮಾತುಗಳನ್ನು ಹೇಳುವುದು ಈ ಲೇಖನದ ಉದ್ದೇಶ. ಇದನ್ನು ಬರೆಯಲು ನಮ್ಮನ್ನು ಪ್ರೇರಿಸಿದ್ದು ನಮ್ಮಿಂದಲೇ ನಡೆದ ಒಂದು ಲೋಪ.

ಕೇಳುವವರಿಲ್ಲದ ಶ್ರಾವಣ

2020ರ ಮಾರ್ಚ್ 25ರಿಂದ ದೇಶವೆಲ್ಲ ಬಾಗಿಲು ಮುಚ್ಚಿ ಕುಳಿತುದನ್ನು ಯಾರೂ ಮರೆತಿರಲಾರರು. ಆ ವರ್ಷ ಏಪ್ರಿಲ್ 26ರಂದು ಬಂದ ಬಸವ ಜಯಂತಿಯನ್ನು ನಾವೆಲ್ಲರೂ ಮನೆಯೊಳಗೇ ಆಚರಿಸಿದೆವು. ಶ್ರಾವಣ ಬಂದಾಗಲೂ ಜನ ಸೇರುವಂತಿರಲಿಲ್ಲ. ರಾಯಚೂರಿನ ಮಠವೊಂದರಲ್ಲಿ ಪುರಾಣವನ್ನು ತಪ್ಪಿಸಬಾರದೆಂದು ಹಿರಿಯರು ನಿಶ್ಚಯಿಸಿದ್ದರಿಂದ ನಾವು, ಗವಾಯಿಗಳು ಮತ್ತು ತಬಲಾ ನುಡಿಸುವವರು ಮೂವರೇ ಕುಳಿತು, ಎದುರಿಗೆ ಮೊಬೈಲ್ ಫೋನೊಂದನ್ನು ಇಟ್ಟುಕೊಂಡು ಪುರಾಣವನ್ನು ಆರಂಭಿಸಿದೆವು.

ಗವಾಯಿಗಳು ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರು, ಹುಟ್ಟು ಅಂಧರು. ಸಭೆ ದೊಡ್ಡದೋ ಸಣ್ಣದೋ, ಜನ ದಣಿದಿದ್ದಾರೋ ಹುರುಪಿನಲ್ಲಿದ್ದಾರೋ ಎಂಬುದನ್ನು ಅವರು ಕಿವಿಯಿಂದಲೇ ಅಳೆಯುತ್ತಾರೆ. ಬಳೆಯ ಸದ್ದು, ಮಕ್ಕಳ ಗುಜುಗುಜು, ಹಿರಿಯರ ಕೆಮ್ಮು, ಇವೇ ಅವರಿಗೆ ಸಭೆಯ ಮುಖ. ಮೊದಲ ದಿನ ಹಾಡು ಮುಗಿದ ಮೇಲೆ ಅವರು ನಮ್ಮ ಕಡೆಗೆ ಬಾಗಿ, 'ಶಾಸ್ತ್ರಿಗಳ, ಯಾರರ ಅದಾರೇನ್ರಿ ಎದುರಿಗೆ?' ಎಂದು ಮೆಲ್ಲನೆ ಕೇಳಿದರು. ನೋಡುವವರ ಸಂಖ್ಯೆ ಫೋನಿನ ಮೂಲೆಯಲ್ಲಿ ಕಾಣುತ್ತಿತ್ತು. ಅದನ್ನು ಅವರಿಗೆ ಓದಿ ಹೇಳಿದೆವು. ಅವರು ತಲೆಯಾಡಿಸಿದರಾದರೂ ಮುಖದಲ್ಲಿ ಸಮಾಧಾನ ಕಾಣಲಿಲ್ಲ. ಸಂಖ್ಯೆ ಎಷ್ಟಾದರೂ ಸಭೆಯಾಗುವುದಿಲ್ಲ ಎಂಬುದನ್ನು ಅವರ ಕಿವಿ ನಮಗಿಂತ ಮೊದಲೇ ಅರಿತಿತ್ತು.

ಕೆಲವು ದಿನಗಳ ತರುವಾಯ ಮರುಳಶಂಕರದೇವರ ಪ್ರಸಂಗ ಬಂದಿತು. ಶೂನ್ಯಸಂಪಾದನೆಯನ್ನು ಬಲ್ಲವರಿಗೆ ಈ ಕಥೆ ಹೊಸದಲ್ಲ. ದೂರದ ನಾಡಿನಿಂದ ಕಲ್ಯಾಣಕ್ಕೆ ಬಂದ ಈ ಶರಣರು ಬಸವಣ್ಣನವರ ಮಹಾಮನೆಯ ಪ್ರಸಾದಕುಂಡದ ಬಳಿ ಹನ್ನೆರಡು ವರ್ಷ ಯಾರ ಕಣ್ಣಿಗೂ ಬೀಳದೆ, ಯಾರಿಗೂ ತಮ್ಮ ಗುರುತನ್ನು ಹೇಳದೆ ಇದ್ದರು. ನಿತ್ಯವೂ ಸಾವಿರಾರು ಶರಣರು ಬಂದು ಹೋಗುವ ಮನೆಯಲ್ಲಿ, ದಾಸೋಹಕ್ಕೆ ಹೆಸರಾದ ಆ ಅಂಗಳದಲ್ಲಿಯೇ ಅವರನ್ನು ಯಾರೂ ಗುರುತಿಸಲಿಲ್ಲ. ಅಲ್ಲಮಪ್ರಭುಗಳು ಬಂದು ಗುರುತಿಸುವವರೆಗೂ ಅವರು ಮರುಳರಂತೆಯೇ ಉಳಿದರು. ಈ ಪ್ರಸಂಗವನ್ನು ಹೇಳುತ್ತ, ಕಣ್ಣೆದುರಿಗೆ ಇರುವವರನ್ನು ಕಾಣದೆ ಹೋಗುವುದು ಎಷ್ಟು ದೊಡ್ಡ ತಪ್ಪು ಎಂದು ನಾವು ಬಹಳ ಆವೇಶದಿಂದಲೇ ಮಾತನಾಡಿದೆವು.

ಎರಡು ದಿನಗಳಾದ ಮೇಲೆ ಮಠದ ಹುಡುಗನೊಬ್ಬನು ಫೋನನ್ನು ತಂದು, ಅಂದಿನ ಪ್ರಸಾರದ ಕೆಳಗೆ ಜನರು ಬರೆದ ಮಾತುಗಳನ್ನು ತೋರಿಸಿದನು. ನಮಸ್ಕಾರಗಳು, ಹೂವುಗಳು, ಕೆಂಪು ಹೃದಯಗಳು ನೂರಾರು ಇದ್ದವು. ಅವುಗಳ ನಡುವೆ ಒಂದು ಪ್ರಶ್ನೆ ಇತ್ತು. ದೇವದುರ್ಗ ತಾಲ್ಲೂಕಿನ ಒಬ್ಬ ಯುವಕ, ಪುಣೆಯಲ್ಲಿ ಕಟ್ಟಡದ ಕೆಲಸಕ್ಕೆ ಹೋದವನು, ಬರೆದಿದ್ದನು. ಲಾಕ್‌ಡೌನಿನ ದಿನಗಳಲ್ಲಿ ಊರಿನಲ್ಲಿ ತಂದೆ ತೀರಿಕೊಂಡರು, ಬರಲು ದಾರಿಯಿರಲಿಲ್ಲ, ಸಮಾಧಿಗೆ ಒಂದು ಹಿಡಿ ಮಣ್ಣು ಹಾಕುವ ಭಾಗ್ಯವೂ ತನಗಿಲ್ಲವಾಯಿತು. ತಾನಿದ್ದಲ್ಲಿಯೇ ವಿಭೂತಿ ಧರಿಸಿ ಅವರ ಹೆಸರಿನಲ್ಲಿ ಪೂಜೆ ಮಾಡಿದರೆ ಅದು ಅವರಿಗೆ ಸಲ್ಲುವುದೇ ಎಂಬುದು ಅವನ ಪ್ರಶ್ನೆ. ಆ ಮಾತುಗಳನ್ನು ಅವನು ಬರೆದದ್ದು ನಾವು ಮರುಳಶಂಕರದೇವರ ಕಥೆ ಹೇಳುತ್ತಿದ್ದ ಹೊತ್ತಿನಲ್ಲಿ. ಉತ್ತರವಿಲ್ಲದ್ದನ್ನು ಕಂಡು ಸ್ವಲ್ಪ ಹೊತ್ತಿನ ಮೇಲೆ, 'ಇರಲಿ ಬಿಡ್ರಿ' ಎಂದು ಮತ್ತೆ ಬರೆದು ಸುಮ್ಮನಾಗಿದ್ದನು.

ಓದಿ ನಮಗೆ ನಾಚಿಕೆಯಾಯಿತು. ಅಂದೇ ಅವನನ್ನು ಹುಡುಕಿಸಿ ಫೋನಿನಲ್ಲಿ ಮಾತನಾಡಿದೆವು. ಲಿಂಗವಂತನಿಗೆ ಪೂಜೆಯ ಸ್ಥಳವೆಂದರೆ ಅವನ ಅಂಗೈಯೇ. ಅಲ್ಲಿ ಸಲ್ಲಿಸಿದ್ದು ಎಲ್ಲಿಯೂ ಸಲ್ಲದೆ ಹೋಗುವುದಿಲ್ಲ ಎಂದು ತಿಳಿಸಿದೆವು. ಅವನು ಬಹಳ ಹೊತ್ತು ಅತ್ತನು. ಆದರೆ ಆ ಮಾತನ್ನು ಸಭೆಯಲ್ಲಿಯೇ ಹೇಳಿದ್ದರೆ ಅವನೊಬ್ಬನಿಗಲ್ಲ, ಅಂಥದೇ ದುಃಖವನ್ನು ಹೊತ್ತು ಕೇಳುತ್ತಿದ್ದ ಇನ್ನೆಷ್ಟೋ ಜನಕ್ಕೆ ಸಮಾಧಾನವಾಗುತ್ತಿತ್ತು. ಅಂದಿನಿಂದ ಈ ವಿಷಯವನ್ನು ಕುರಿತು ನಾವು ವಿಚಾರಿಸುತ್ತ, ತಿಳಿದವರನ್ನು ಕೇಳುತ್ತ ಬಂದಿದ್ದೇವೆ.

ನಮ್ಮ ಜಿಲ್ಲೆಗೆ ಬಂದ ಉಪಗ್ರಹ

ದೂರದಿಂದ ಬರುವ ಮಾತನ್ನು ಕೇಳಿ, ಮರುಮಾತನ್ನು ಮುಟ್ಟಿಸಲಾಗದೆ ಉಳಿದ ಅನುಭವ ರಾಯಚೂರು ಜಿಲ್ಲೆಗೆ ಹೊಸದಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಇಸ್ರೋ ಸಂಸ್ಥೆಯು ಅಮೆರಿಕದ ಎ.ಟಿ.ಎಸ್.-6 ಎಂಬ ಉಪಗ್ರಹದ ನೆರವಿನಿಂದ ದೇಶದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ದೂರದರ್ಶನವನ್ನು ತಲುಪಿಸಿತು. ಸೈಟ್ ಎಂಬ ಹೆಸರಿನ ಈ ಪ್ರಯೋಗಕ್ಕೆ ಕರ್ನಾಟಕದಲ್ಲಿ ಆಯ್ಕೆಯಾದವು ಗುಲ್ಬರ್ಗಾ, ಬಿಜಾಪುರ ಮತ್ತು ರಾಯಚೂರು ಜಿಲ್ಲೆಗಳು. ತಂತಿಬಲೆಯಿಂದ ಮಾಡಿದ ಮೂರು ಮೀಟರ್ ಅಗಲದ ಛತ್ರಿಯನ್ನು ಹಳ್ಳಿಯಲ್ಲಿ ನೆಟ್ಟು, ಊರಿಗೆಲ್ಲ ಒಂದೇ ಪೆಟ್ಟಿಗೆಯನ್ನು ಇಟ್ಟಿದ್ದರು. ಬೆಳಗ್ಗೆ ಶಾಲಾ ಮಕ್ಕಳಿಗೆ, ಸಂಜೆ ಹಿರಿಯರಿಗೆ ಕಾರ್ಯಕ್ರಮಗಳು. ಒಂದೇ ಚಿತ್ರದೊಂದಿಗೆ ಎರಡು ಧ್ವನಿಗಳನ್ನು ಕಳುಹಿಸುವ ಏರ್ಪಾಡು ಇದ್ದುದರಿಂದ ಆಂಧ್ರದ ಹಳ್ಳಿ ತೆಲುಗಿನಲ್ಲಿ ಕೇಳಿದ್ದನ್ನು ನಮ್ಮ ಹಳ್ಳಿ ಕನ್ನಡದಲ್ಲಿ ಕೇಳುತ್ತಿತ್ತು.

ಆಗ ನಾವಿನ್ನೂ ಮಠದಲ್ಲಿ ಓದುತ್ತಿದ್ದ ಹುಡುಗರು. ರಜೆಯಲ್ಲಿ ಬಂಧುಗಳ ಹಳ್ಳಿಗೆ ಹೋದಾಗ ಆ ಪೆಟ್ಟಿಗೆಯ ಮುಂದೆ ಕುಳಿತ ನೆನಪು ಇದೆ. ಬಿತ್ತನೆಯ ವಿಷಯ ಬಂದಾಗ ವಯಸ್ಸಾದ ಒಕ್ಕಲಿಗರೊಬ್ಬರು ಎದ್ದು ನಿಂತು, ಪೆಟ್ಟಿಗೆಯಲ್ಲಿದ್ದ ಅಧಿಕಾರಿಯನ್ನು ಉದ್ದೇಶಿಸಿ, 'ಸಾಹೇಬ್ರ, ನಮ್ಮ ಎರಿ ಹೊಲಕ್ಕ ಇದು ನಡೀತದೇನ್ರಿ?' ಎಂದು ಕೇಳಿದರು. ಮಕ್ಕಳೆಲ್ಲರೂ ನಕ್ಕೆವು. ಅವರು ಮುಖ ಸಣ್ಣದು ಮಾಡಿಕೊಂಡು ಕುಳಿತರು. ಇಂದು ವಿಚಾರಿಸಿದರೆ, ಅಂದು ತಪ್ಪಿದ್ದು ಆ ಹಿರಿಯರಲ್ಲ. ಮಾತನಾಡಿಸಿದವರಿಗೆ ಮರುಮಾತನಾಡುವುದು ಮನುಷ್ಯ ಧರ್ಮ. ಆ ಮರುಮಾತು ಹೋಗಲು ದಾರಿಯಿಲ್ಲದ್ದು ಯಂತ್ರದ ಕೊರತೆ. ಸಂಶೋಧಕರು ಆ ದಿನಗಳಲ್ಲಿ ಹಳ್ಳಿಗಳಿಗೆ ಬಂದು, ಕೆಲವೆಡೆ ಅಲ್ಲಿಯೇ ವಾಸವಾಗಿದ್ದು, ಜನರ ಅಭಿಪ್ರಾಯವನ್ನು ಬರೆದುಕೊಂಡು ಹೋದದ್ದುಂಟು. ಆದರೆ ಅದು ಬರಹವಾಗಿ ಕಚೇರಿಯನ್ನು ಮುಟ್ಟಿತೇ ಹೊರತು, ಕೇಳಿದವರ ಮುಂದೆ ಉತ್ತರವಾಗಿ ಅಂದೇ ಮರಳಲಿಲ್ಲ.

ಇದಕ್ಕೂ ಮೊದಲೇ ರೇಡಿಯೋ ಈ ಕೊರತೆಯನ್ನು ಬೇರೊಂದು ಬಗೆಯಲ್ಲಿ ತುಂಬಲು ಯತ್ನಿಸಿತ್ತು. 1956ರಲ್ಲಿ ಆಕಾಶವಾಣಿಯ ಪುಣೆ ಕೇಂದ್ರದಿಂದ ಯುನೆಸ್ಕೊ ನೆರವಿನೊಡನೆ, 100ಕ್ಕೂ ಹೆಚ್ಚು ಹಳ್ಳಿಗಳಲ್ಲಿ ರೈತರ ಕೇಳುಗರ ಕೂಟಗಳನ್ನು ರಚಿಸಲಾಯಿತು. ಕೂಟದವರು ಒಟ್ಟಾಗಿ ಕೇಳಿ, ಚರ್ಚಿಸಿ, ತಮ್ಮ ಸಂಶಯಗಳನ್ನು ಕೇಂದ್ರಕ್ಕೆ ಬರೆದು ಕಳುಹಿಸುತ್ತಿದ್ದರು. ಮುಂದಿನ ಪ್ರಸಾರದಲ್ಲಿ ಉತ್ತರ ಬರುತ್ತಿತ್ತು. 1959ರಲ್ಲಿ ಈ ಪದ್ಧತಿ ದೇಶದ ಇತರ ಭಾಗಗಳಿಗೂ ಹರಡಿತು. ನಮ್ಮ ಪೀಳಿಗೆಯವರು ಕೋರಿಕೆಯ ಗೀತೆಗಳ ಕಾರ್ಯಕ್ರಮಕ್ಕೆ ಕಾರ್ಡು ಬರೆದು, ರೇಡಿಯೋದಲ್ಲಿ ತಮ್ಮ ಹೆಸರು ಕೇಳಿಬರುವುದೆಂದು ವಾರಗಟ್ಟಲೆ ಕಾದವರೇ ಅಲ್ಲವೇ? ಬಿಹಾರದ ಒಂದು ಭಾಗವಾಗಿದ್ದು ಇಂದು ಜಾರ್ಖಂಡಿಗೆ ಸೇರಿದ ಝುಮ್ರಿ ತಿಲೈಯಾ ಎಂಬ ಊರು ದೇಶಕ್ಕೆಲ್ಲ ಪರಿಚಯವಾದದ್ದು ಅಲ್ಲಿನ ಕೇಳುಗರು ಬರೆದ ಕೋರಿಕೆಯ ಪತ್ರಗಳಿಂದಲೇ. ಹಾಡಿಗಿಂತಲೂ ಹೆಚ್ಚಾಗಿ, 'ನಾವೂ ಇಲ್ಲಿದ್ದೇವೆ' ಎಂದು ಹೇಳಿಕೊಳ್ಳುವ ಆಸೆ ಆ ಕಾರ್ಡುಗಳಲ್ಲಿತ್ತು.

ಮರುಮಾತು ಅದೇ ಕ್ಷಣದಲ್ಲಿ ಮರಳುವ ಏರ್ಪಾಡು ಕರ್ನಾಟಕದಲ್ಲಿ ಬಂದದ್ದು 1990ರ ದಶಕದ ಮಧ್ಯದಲ್ಲಿ. 1993ರ ಪಂಚಾಯತ್ ರಾಜ್ ಅಧಿನಿಯಮದಂತೆ ನಡೆದ ಚುನಾವಣೆಯಲ್ಲಿ ಸಾವಿರಾರು ಮಹಿಳೆಯರು ಮೊದಲ ಬಾರಿಗೆ ಗ್ರಾಮ ಪಂಚಾಯಿತಿ ಸದಸ್ಯರಾದರು. ಅವರ ತರಬೇತಿಗಾಗಿ ಮೈಸೂರಿನ ರಾಜ್ಯ ಗ್ರಾಮೀಣಾಭಿವೃದ್ಧಿ ಸಂಸ್ಥೆಯು ಇಸ್ರೋ ನೆರವಿನಿಂದ ಉಪಗ್ರಹ ಪ್ರಸಾರವನ್ನು ಬಳಸಿತು. ಚಿತ್ರ ಒಂದೇ ಕಡೆಗೆ, ಧ್ವನಿ ಎರಡೂ ಕಡೆಗೆ. ದೂರದ ಕೇಂದ್ರದಲ್ಲಿ ಕುಳಿತ ಸದಸ್ಯೆಯು ದೂರವಾಣಿಯಲ್ಲಿ ಪ್ರಶ್ನೆ ಕೇಳಿದರೆ, ಮೈಸೂರಿನ ತಜ್ಞರು ಆಗಲೇ ಉತ್ತರಿಸುತ್ತಿದ್ದರು. ಆ ಉತ್ತರವನ್ನು ಎಲ್ಲ ಕೇಂದ್ರಗಳವರೂ ಕೇಳುತ್ತಿದ್ದರು. ಅಂದು ಪೆಟ್ಟಿಗೆಯನ್ನು ಪ್ರಶ್ನಿಸಿ ನಗೆಗೀಡಾದ ಹಿರಿಯರ ಮೊಮ್ಮಗಳ ಪ್ರಾಯದ ಹೆಣ್ಣುಮಕ್ಕಳಿಗೆ ಹೀಗೆ ಪೆಟ್ಟಿಗೆಯಿಂದಲೇ ಉತ್ತರ ಸಿಕ್ಕಿತು.

ಕ್ರೀಡಾಂಗಣದ ಚಪ್ಪಾಳೆ

ಕೊರೋನಾ ಕಾಲದಲ್ಲಿ ಜಗತ್ತಿನ ದೊಡ್ಡ ದೊಡ್ಡ ಕ್ರೀಡಾಂಗಣಗಳಿಗೂ ನಮ್ಮ ಗವಾಯಿಗಳಿಗೆ ಬಂದ ಕಷ್ಟವೇ ಬಂದಿತು. ಆಟಗಾರರಿದ್ದರು, ಪ್ರೇಕ್ಷಕರಿರಲಿಲ್ಲ. ಇದಕ್ಕೆ ಮೂರು ಬಗೆಯ ಪರಿಹಾರಗಳನ್ನು ಜನ ಕಂಡುಕೊಂಡರು. ಅವುಗಳ ಭೇದವನ್ನು ತಿಳಿದರೆ ನಮ್ಮ ವಿಷಯ ಸ್ಪಷ್ಟವಾಗುತ್ತದೆ.

ಮೊದಲನೆಯದು ಮುಖಗಳನ್ನು ತರುವುದು. ಅಮೆರಿಕದ ಎನ್.ಬಿ.ಎ. ಬಾಸ್ಕೆಟ್‌ಬಾಲ್ ಪಂದ್ಯಗಳು 2020ರ ಜುಲೈ ಕೊನೆಯಲ್ಲಿ ಒರ್ಲ್ಯಾಂಡೊ ನಗರದ ಬಳಿ ಮತ್ತೆ ಆರಂಭವಾದಾಗ, ಅಂಕಣದ ಸುತ್ತ 17 ಅಡಿ ಎತ್ತರದ ಪರದೆಗಳನ್ನು ನಿಲ್ಲಿಸಿ, ಮನೆಯಲ್ಲಿ ಕುಳಿತ 300ಕ್ಕೂ ಹೆಚ್ಚು ಅಭಿಮಾನಿಗಳ ಮುಖಗಳನ್ನು ಮೈಕ್ರೋಸಾಫ್ಟ್ ಕಂಪನಿಯ ತಂತ್ರದಿಂದ ಅದರಲ್ಲಿ ತೋರಿಸಿದರು. ಆಟಗಾರನು ತಲೆಯೆತ್ತಿದರೆ ನಿಜವಾದ ಜನ ಕಾಣುತ್ತಿದ್ದರು.

ಎರಡನೆಯದು ಮನಸ್ಸಿನ ಸಂಕೇತವನ್ನು ತರುವುದು. ಜಪಾನಿನ ಯಮಾಹಾ ಕಂಪನಿಯು 2020ರಲ್ಲಿ ಶಿಜುವೊಕಾ ಪ್ರಾಂತದ ಎಕೋಪಾ ಕ್ರೀಡಾಂಗಣದಲ್ಲಿ ಒಂದು ಪ್ರಯೋಗ ನಡೆಸಿತು. ಮನೆಯಲ್ಲಿರುವ ಅಭಿಮಾನಿಯು ತನ್ನ ಫೋನಿನಲ್ಲಿ ಚಪ್ಪಾಳೆಯ ಗುಂಡಿಯನ್ನೋ ಜಯಕಾರದ ಗುಂಡಿಯನ್ನೋ ಒತ್ತಿದರೆ, ಕ್ರೀಡಾಂಗಣದ ಧ್ವನಿವರ್ಧಕಗಳಲ್ಲಿ ಆ ಸದ್ದು ಮೊಳಗುತ್ತಿತ್ತು. ಕೇಳಿಬರುವ ಸದ್ದು ಮೊದಲೇ ಮುದ್ರಿಸಿಟ್ಟದ್ದು. ಆದರೆ ಅದನ್ನು ಎಬ್ಬಿಸಿದ್ದು ಆ ಕ್ಷಣದಲ್ಲಿ ನೋಡುತ್ತಿದ್ದ ಒಬ್ಬ ಮನುಷ್ಯನ ಬೆರಳು.

ಮೂರನೆಯದು ಯಾರೂ ಇಲ್ಲದ ಸದ್ದು. ಅದೇ ವರ್ಷ ಸೆಪ್ಟೆಂಬರಿನಿಂದ ನವೆಂಬರಿನವರೆಗೆ ಅರಬ್ ಸಂಯುಕ್ತ ಸಂಸ್ಥಾನದಲ್ಲಿ ನಡೆದ ಐ.ಪಿ.ಎಲ್. ಪಂದ್ಯಗಳನ್ನು ನಮ್ಮ ಮನೆಯ ಮಕ್ಕಳು ಟಿ.ವಿ.ಯಲ್ಲಿ ನೋಡುವಾಗ ಜನಸಾಗರದ ಗದ್ದಲ ಕೇಳುತ್ತಿತ್ತು. ಅದು ಮುದ್ರಿಸಿಟ್ಟ ಗದ್ದಲ. ಇದೇನೂ ಹೊಸತಲ್ಲ. ಚಾರ್ಲ್ಸ್ ಡಗ್ಲಾಸ್ ಎಂಬ ಅಮೆರಿಕದ ತಂತ್ರಜ್ಞನು 1950ರ ದಶಕದಲ್ಲಿಯೇ ನಗೆಯನ್ನು ಮುದ್ರಿಸಿಟ್ಟು, ಬೇಕಾದಾಗ ಗುಂಡಿ ಒತ್ತಿ ನಗಿಸುವ ಪೆಟ್ಟಿಗೆಯನ್ನು ಮಾಡಿದ್ದನು. ಆ ನಗೆಯ ಹಿಂದೆ ಆ ಹೊತ್ತಿಗೆ ನಗುವವರು ಯಾರೂ ಇಲ್ಲ.

ಮೊದಲ ಎರಡು ಬಗೆಗಳಿಗೂ ಮೂರನೆಯದಕ್ಕೂ ಇರುವ ಅಂತರವೇ ಇಲ್ಲಿ ಗಮನಿಸಬೇಕಾದುದು. ಸದ್ದು ಯಂತ್ರದ್ದಾದರೂ ಚಿಂತೆಯಿಲ್ಲ. ಅದರ ಹಿಂದೆ ಜೀವವೊಂದು ಇರಬೇಕು. ಆಟದ ಮೈದಾನದಲ್ಲಿ ಮೂರನೆಯದೂ ಒಂದು ವಿನೋದವೆಂದು ಬಿಡಬಹುದು. ಅನುಭಾವದ ಸಭೆಯಲ್ಲಿ ಅದು ಸುಳ್ಳಾಗುತ್ತದೆ.

ಯಂತ್ರದ ಒಳಮರ್ಮ

ಈ ಕೆಲಸದಲ್ಲಿ ಮುಖ್ಯವಾದ ತೊಡಕು ಕಾಲದ್ದು. ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹಕ್ಕೆ ಮಾತು ಏರಿ ಇಳಿಯಲು ಕಾಲು ಸೆಕೆಂಡು ಬೇಕು. ಪ್ರಶ್ನೆ ಹೋಗಿ ಉತ್ತರ ಬರಲು ಅರ್ಧ ಸೆಕೆಂಡು. ಇದು ಸಹಿಸಬಹುದಾದ ತಡ. ಆದರೆ ಇಂದು ನಾವು ಯೂಟ್ಯೂಬಿನಂಥ ಮಾಧ್ಯಮದಲ್ಲಿ ಮಾಡುವ ನೇರಪ್ರಸಾರದಲ್ಲಿ, ಚಿತ್ರವನ್ನು ಸಣ್ಣ ಸಣ್ಣ ತುಣುಕುಗಳಾಗಿ ಕತ್ತರಿಸಿ, ನೋಡುವವರ ಫೋನಿನಲ್ಲಿ ಒಂದಿಷ್ಟನ್ನು ಮುಂಚೆಯೇ ಕೂಡಿಟ್ಟುಕೊಂಡು ತೋರಿಸುತ್ತಾರೆ. ನಡುವೆ ಸಿಗ್ನಲ್ ಕುಂದಿದರೂ ಚಿತ್ರ ನಿಲ್ಲದಿರಲೆಂದು ಈ ಉಪಾಯ. ಇದರಿಂದ ಕೆಲವು ಸೆಕೆಂಡುಗಳಿಂದ ಅರ್ಧ ನಿಮಿಷದವರೆಗೂ ತಡವಾಗುತ್ತದೆ. ಪುರಾಣಿಕರು ದುಃಖದ ಪ್ರಸಂಗಕ್ಕೆ ಬಂದಿರುತ್ತಾರೆ. ಹಿಂದಿನ ಹಾಸ್ಯಕ್ಕೆ ದೂರದವರ ನಗೆ ಆಗ ಬಂದು ಮುಟ್ಟುತ್ತದೆ. ಆದ್ದರಿಂದ ನೇರಪ್ರಸಾರದಲ್ಲಿ ಬರುವ ಪ್ರತಿಕ್ರಿಯೆಯನ್ನು ಆ ಕ್ಷಣದ 'ಹೂಂ' ಎಂದು ಬಳಸಲಾಗದು, ಪ್ರಶ್ನೆಗಾಗಿ ಬಳಸಬಹುದು. ಆ ಕ್ಷಣದ ಮರುದನಿಯೇ ಬೇಕೆಂದರೆ ವಿಡಿಯೋ ಕರೆಯ ವಿಧಾನವೇ ಬೇಕು. ಸಂಪರ್ಕ ಚೆನ್ನಾಗಿದ್ದರೆ ಅದರಲ್ಲಿ ತಡ ಅರ್ಧ ಸೆಕೆಂಡನ್ನೂ ಮೀರುವುದಿಲ್ಲ.

ಎರಡನೆಯ ತೊಡಕು ಮಾರ್ದನಿಯದು. ದೂರದವರ ಧ್ವನಿ ಸಭೆಯ ಧ್ವನಿವರ್ಧಕದಿಂದ ಹೊರಬಿದ್ದು, ಪುರಾಣಿಕರ ಮೈಕಿಗೆ ಹೊಕ್ಕು, ಮರಳಿ ದೂರದವರಿಗೇ ಹೋಗುತ್ತದೆ; ಅವರ ಫೋನಿನಿಂದ ಮತ್ತೆ ಇಲ್ಲಿಗೆ ಬರುತ್ತದೆ. ಹೀಗೆ ಸುತ್ತಿ ಸುತ್ತಿ ಕಡೆಗೆ ಕಿವಿ ಸೀಳುವ ಕೂಗಾಗುತ್ತದೆ. ಇದಕ್ಕೆ ಮದ್ದು ಸರಳ. ಧ್ವನಿವರ್ಧಕವನ್ನು ಮೈಕಿನ ಮುಂಭಾಗಕ್ಕೆ, ಜನರ ಕಡೆಗೆ ಮುಖ ಮಾಡಿ ಇಡಬೇಕು. ದೂರದವರು ತಮ್ಮ ಸರದಿ ಬರುವವರೆಗೆ ಮೈಕನ್ನು ಮುಚ್ಚಿಕೊಂಡಿರಬೇಕು.

ಮೂರನೆಯದು, ಕೂಡಿ ಹಾಡುವುದು. ಸಭಾಂಗಣದೊಳಗೇ ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರ್ ವೇಗದಲ್ಲಿ ಸಾಗುವುದರಿಂದ, 34 ಮೀಟರ್ ಹಿಂದೆ ಕುಳಿತವನು ಹಾಡನ್ನು ಹತ್ತರಲ್ಲಿ ಒಂದು ಸೆಕೆಂಡು ತಡವಾಗಿ ಕೇಳುತ್ತಾನೆ. ಅಷ್ಟಕ್ಕೇ ಭಜನೆಯ ತಾಳ ಹಿಂದೆ ಮುಂದೆ ಆಗುವುದನ್ನು ದೊಡ್ಡ ಜಾತ್ರೆಗಳಲ್ಲಿ ನಾವು ಕಂಡಿದ್ದೇವೆ. ಹೀಗಿರುವಾಗ ಅರ್ಧ ಸೆಕೆಂಡಿನ ಅಂತರದಲ್ಲಿ ಪುಣೆಯವರೂ ಮಾನ್ವಿಯವರೂ ಕೂಡಿ ಮಂಗಳ ಹಾಡಲು ಹೋಗುವುದು ವ್ಯರ್ಥ ಪ್ರಯತ್ನ.

ಮಾನ್ವಿಯಲ್ಲಿ ಕಂಡದ್ದು

ಎರಡು ವರ್ಷಗಳ ತರುವಾಯ, 2022ರ ಶ್ರಾವಣದಲ್ಲಿ, ಮಾನ್ವಿಯ ಕೆಲವು ಯುವಕರು ಈ ವಿಷಯದಲ್ಲಿ ಉತ್ಸಾಹ ತೋರಿದರು. ಮೊದಲ ದಿನ ಅವರು ವೇದಿಕೆಯ ಪಕ್ಕದಲ್ಲಿ ದೊಡ್ಡ ಪರದೆಯನ್ನು ನಿಲ್ಲಿಸಿ, ನೇರಪ್ರಸಾರದ ಕೆಳಗೆ ಬರುವ ಹೆಸರುಗಳೂ ಹೂವುಗಳೂ ಹೃದಯಗಳೂ ಅದರಲ್ಲಿ ಹರಿಯುವಂತೆ ಮಾಡಿದರು. ಪರಿಣಾಮವೇನಾಯಿತು? ಎದುರಿಗೆ ಕುಳಿತ ಜನರೆಲ್ಲರೂ ಪುರಾಣವನ್ನು ಬಿಟ್ಟು ಪರದೆಯನ್ನು ನೋಡತೊಡಗಿದರು. ತಮ್ಮ ಬಂಧುಗಳ ಹೆಸರು ಕಂಡವರು ಕೈ ತೋರಿಸಿ ನಕ್ಕರು. ಯಾರೋ ಒಬ್ಬರು ದೂರದಿಂದ ಬರೆದ ಕುಚೋದ್ಯದ ಮಾತೂ ಎಲ್ಲರೆದುರು ಹರಿದು ಹೋಯಿತು. ನಾವೇ ಎರಡು ಬಾರಿ ಮಾತು ತಪ್ಪಿದೆವು. ಏಕೆಂದರೆ ನಮ್ಮ ಕಣ್ಣೂ ಆ ಕಡೆಗೇ ಹೊರಳಿತ್ತು.

ಮರುದಿನ ಪರದೆಯನ್ನು ತೆಗೆಸಿದೆವು. ಯುವಕರ ಉತ್ಸಾಹವನ್ನು ಕುಗ್ಗಿಸಬಾರದೆಂದು, ಅದರ ಬದಲು ಸಣ್ಣದೊಂದು ಏರ್ಪಾಡು ಮಾಡಿಕೊಂಡೆವು. ಪ್ರಸಾರ ಎಂದಿನಂತೆ ನಡೆಯಲಿ. ಅದರ ಜೊತೆಗೆ ನಾಲ್ಕೈದು ಮನೆಗಳನ್ನು ಮಾತ್ರ ವಿಡಿಯೋ ಕರೆಯಲ್ಲಿ ಸೇರಿಸಿಕೊಳ್ಳುವುದು. ಕಾಲೇಜು ಓದುವ ಹುಡುಗಿಯೊಬ್ಬಳು ವೇದಿಕೆಯ ಕೆಳಗೆ ಕುಳಿತು, ಬರೆದು ಬಂದ ಪ್ರಶ್ನೆಗಳನ್ನು ಆರಿಸಿಡುವುದು. ಪ್ರಸಂಗವೊಂದು ಮುಗಿದಾಗ ನಾವು ನಿಲ್ಲುವುದು. ಅವಳು ಎದ್ದು, ಯಾವ ಊರಿನಿಂದ ಯಾರು ಏನು ಕೇಳಿದ್ದಾರೆಂದು ಗಟ್ಟಿಯಾಗಿ ಓದುವುದು.

ಆ ಮನೆಗಳಲ್ಲಿ ಒಂದು ದೇವದುರ್ಗದ್ದು. ಸೊಂಟ ಮುರಿದು ಹಾಸಿಗೆ ಹಿಡಿದ ವೃದ್ಧೆಯೊಬ್ಬರ ಎದುರಿಗೆ ಸೊಸೆ ಫೋನು ಹಿಡಿದು ಕುಳಿತಿದ್ದಳು. ಹಲವು ವರ್ಷ ಒಂದು ದಿನವೂ ಪುರಾಣ ತಪ್ಪಿಸದಿದ್ದ ಆ ತಾಯಿ ಗುಡಿಯ ಮೆಟ್ಟಿಲು ಹತ್ತದೆ ಬಹಳ ದಿನಗಳಾಗಿದ್ದವು. ಅವರ ಸರದಿ ಬಂದಾಗ ಅವರು ಪ್ರಶ್ನೆಯನ್ನೇನೂ ಕೇಳಲಿಲ್ಲ. 'ನನ್ನ ದನಿ ಅಲ್ಲಿ ಕೇಳಸ್ತದೇನ್ರಿ ಶಾಸ್ತ್ರಿಗಳ?' ಎಂದರು. ಸಭೆಯಲ್ಲಿದ್ದ ಅವರ ವಾರಿಗೆಯ ಹೆಣ್ಣುಮಕ್ಕಳು ನಮಗಿಂತ ಮೊದಲೇ, 'ಕೇಳಸ್ತದ ಯವ್ವಾ, ಕೇಳಸ್ತದ' ಎಂದು ಕೂಗಿದರು. ಆ ಕೂಗು ದೇವದುರ್ಗವನ್ನು ಮುಟ್ಟಿ, ಅವರ ಮುಖ ಅರಳಿದ್ದನ್ನು ಫೋನಿನ ಸಣ್ಣ ಪರದೆಯಲ್ಲಿ ನಾವು ಕಂಡೆವು. ಅಂದಿನಿಂದ ಪುರಾಣ ಮುಗಿಯುವವರೆಗೆ ಪ್ರತಿದಿನವೂ ನಾವು ನಿಂತಾಗಲೆಲ್ಲ, ಸ್ವಲ್ಪ ತಡವಾಗಿ, ಧ್ವನಿವರ್ಧಕದಲ್ಲಿ ಒಂದು 'ಹೂಂ' ಕೇಳುತ್ತಿತ್ತು.

ಇನ್ನೊಂದು ಕರೆ ಪುಣೆಯದು. 2020ರಲ್ಲಿ ಉತ್ತರ ಸಿಗದೆ ಸುಮ್ಮನಾದ ಆ ಯುವಕನೇ, ತನ್ನಂತೆ ಗುಳೆ ಹೋದ ಏಳೆಂಟು ಜನರೊಡನೆ ಒಂದೇ ಕೋಣೆಯಲ್ಲಿ ಕುಳಿತು ಕೇಳುತ್ತಿದ್ದನು. ಅವರು ಕೇಳಿದ ಪ್ರಶ್ನೆಗಳು ಪುಸ್ತಕದವಲ್ಲ. ಎರಡು ಪಾಳಿ ದುಡಿದು ಬಂದವನಿಗೆ ಲಿಂಗಪೂಜೆಗೆ ಹೊತ್ತು ಸಿಗದಿದ್ದರೆ ಕಾಯಕವೇ ಪೂಜೆಯಾಗುವುದೇ, ಮಾಲೀಕ ಕೂಲಿ ಹಿಡಿದರೆ ದಾಸೋಹ ಮಾಡುವುದೆಂತು ಎಂಬಂಥವು. ಸಭೆಯ ಹಿರಿಯರು ಈ ಪ್ರಶ್ನೆಗಳನ್ನು ಕೇಳಿ ಮೌನವಾದರು. ಗುಳೆ ಹೋದ ಮಕ್ಕಳ ಬದುಕು ಹೇಗಿದೆಯೆಂದು ಆ ಊರಿಗೆ ಅಷ್ಟು ಸ್ಪಷ್ಟವಾಗಿ ಅದುವರೆಗೆ ತಿಳಿದಿರಲಿಲ್ಲ. ದೂರದವರ ಮಾತು ಸಭೆಗೆ ಮುಟ್ಟಬೇಕೇ ಎಂಬ ಪ್ರಶ್ನೆಗೆ ಅಂದು ನಮಗೆ ಉತ್ತರ ದೊರೆಯಿತು. ಮುಟ್ಟಬೇಕು, ದೂರದವರ ಹಿತಕ್ಕಾಗಿ ಮಾತ್ರವಲ್ಲ, ಸಭೆಯ ಹಿತಕ್ಕಾಗಿ.

ಶರಣರ ಸಭೆಯ ನೀತಿ

ಹನ್ನೆರಡನೆಯ ಶತಮಾನದ ಅನುಭವ ಮಂಟಪವು ಒಬ್ಬರು ಹೇಳಿ ಉಳಿದವರು ಕೇಳುವ ಸ್ಥಳವಾಗಿರಲಿಲ್ಲ. ಶೂನ್ಯಸಂಪಾದನೆಯನ್ನು ತೆರೆದು ನೋಡಿರಿ. ಅದು ಆದಿಯಿಂದ ಅಂತ್ಯದವರೆಗೆ ಸಂವಾದವೇ. ಅಕ್ಕಮಹಾದೇವಿ ಬಂದಾಗ ಅಲ್ಲಮಪ್ರಭುಗಳು ಕೇಳುತ್ತಾರೆ, ಅಕ್ಕ ಉತ್ತರಿಸುತ್ತಾಳೆ, ಶರಣರೆಲ್ಲರೂ ಅದಕ್ಕೆ ಸಾಕ್ಷಿಯಾಗುತ್ತಾರೆ. ಸೌರಾಷ್ಟ್ರದಿಂದ ಬಂದ ಆದಯ್ಯನಿಗೂ, ಕಾಶ್ಮೀರದಿಂದ ಬಂದನೆನ್ನುವ ಮೋಳಿಗೆಯ ಮಾರಯ್ಯನಿಗೂ ಅಲ್ಲಿ ಮಾತಿನ ಹಕ್ಕಿತ್ತು. ದೂರದಿಂದ ಬಂದವರೆಂಬುದು ಅವರ ಧ್ವನಿಯನ್ನು ಕುಗ್ಗಿಸಲಿಲ್ಲ. ಮಾತನ್ನು ಒಂದೇ ಕಡೆಗೆ ಹರಿಸುವ ಪ್ರಸಾರ ಎಷ್ಟೇ ದೂರ ಹೋದರೂ ಅದು ಸಭೆಯಲ್ಲ. ಮರುಮಾತಿಗೆ ದಾರಿ ಮಾಡಿಕೊಟ್ಟಾಗಲೇ ಅದು ಸಭೆ.

ಆದರೆ ಒಂದು ಎಚ್ಚರ ಬೇಕು. ಎಲ್ಲ ಮರುಮಾತೂ ಸದ್ದಾಗಿಯೇ ಬರುವುದಿಲ್ಲ. 2023ರ ಜನವರಿ 2ರಂದು ದೇಹವನ್ನು ಬಿಟ್ಟ ವಿಜಯಪುರ ಜ್ಞಾನಯೋಗಾಶ್ರಮದ ಪೂಜ್ಯ ಸಿದ್ಧೇಶ್ವರ ಸ್ವಾಮೀಜಿಯವರ ಪ್ರವಚನಗಳಿಗೆ ಹೋದವರಿಗೆ ಗೊತ್ತು, ಸಾವಿರಾರು ಜನ ಉಸಿರಿನ ಸದ್ದೂ ಕೇಳದಂತೆ ಕುಳಿತಿರುತ್ತಿದ್ದರು. ಆ ಮೌನವೇ ಅಲ್ಲಿ 'ಹೂಂ'. ಯಂತ್ರಕ್ಕೆ ಈ ಮೌನ ತಿಳಿಯದು. ಗುಂಡಿ ಒತ್ತದವನು ಅದರ ಲೆಕ್ಕದಲ್ಲಿ ಇಲ್ಲದವನೇ. ಹೃದಯಗಳ ಸಂಖ್ಯೆಯನ್ನು ನೋಡಿ ಪ್ರವಚನದ ಬೆಲೆ ಕಟ್ಟತೊಡಗಿದರೆ, ಪ್ರವಚನಕಾರನು ಹೆಚ್ಚು ಹೃದಯಗಳು ಬರುವ ಮಾತುಗಳನ್ನೇ ಆಡತೊಡಗುತ್ತಾನೆ. ಅಲ್ಲಿಗೆ ಅನುಭಾವ ಮುಗಿದು ಸಂತೆ ಆರಂಭವಾಗುತ್ತದೆ.

ನಮ್ಮ ಮಠಗಳಿಗೊಂದು ಬಿನ್ನಹ

ಈ ಅನುಭವದ ಮೇಲಿಂದ, ನೇರಪ್ರಸಾರ ಮಾಡುವ ಮಠಗಳವರಿಗೂ ಸಂಘಗಳವರಿಗೂ ಕೆಲವು ಸೂಚನೆಗಳನ್ನು ವಿನಯದಿಂದ ಮುಂದಿಡುತ್ತೇವೆ.

ಮೊದಲನೆಯದಾಗಿ, ದೂರದ ಸಭಿಕರ ಮಾತನ್ನು ಆಲಿಸುವುದನ್ನೇ ಕಾಯಕವಾಗಿ ಒಬ್ಬರಿಗೆ ವಹಿಸಿರಿ. ಪ್ರಸಾದ ಬಡಿಸಲು ಹತ್ತು ಜನರನ್ನು ನೇಮಿಸುವ ನಾವು ಈ ಕೆಲಸಕ್ಕೆ ಒಬ್ಬರನ್ನು ನೇಮಿಸಲಾರೆವೇ? ಎರಡನೆಯದಾಗಿ, ಪ್ರತಿ ಪ್ರಸಂಗದ ಕೊನೆಗೆ ಅವರಿಗಾಗಿ ಕೆಲವು ನಿಮಿಷಗಳನ್ನು ತೆಗೆದಿಡಿರಿ. ನೇರಪ್ರಸಾರ ತಡವಾಗಿ ಮುಟ್ಟುವುದರಿಂದ ಕೇಳಿದ ಕೂಡಲೇ ಉತ್ತರ ಬರಲಿಲ್ಲವೆಂದು ಮುಂದೆ ಹೋಗದೆ ಒಂದು ನಿಮಿಷ ಕಾಯಿರಿ. ಮೂರನೆಯದಾಗಿ, ದೊಡ್ಡ ಫೋನು ಇಲ್ಲದವರಿಗಾಗಿ ಸಾಧಾರಣ ದೂರವಾಣಿ ಸಂಖ್ಯೆಯೊಂದನ್ನು ಇಡಿರಿ. ಗುಂಡಿ ಫೋನಿನ ಕರೆಯನ್ನು ಮೈಕಿನ ಬಳಿ ಹಿಡಿದರೂ ಧ್ವನಿ ಸಭೆಗೆ ಕೇಳುತ್ತದೆ. ನಮ್ಮ ಹಳ್ಳಿಗಳ ಅನೇಕ ತಾಯಂದಿರಿಗೆ ಇದೊಂದೇ ದಾರಿ. ನಾಲ್ಕನೆಯದಾಗಿ, ಯಾರ ಮುಖವನ್ನೂ ಹೆಸರನ್ನೂ ಅವರ ಒಪ್ಪಿಗೆಯಿಲ್ಲದೆ ಸಭೆಯಲ್ಲಿ ತೋರಿಸಬೇಡಿರಿ. ಮನೆಯ ದುಃಖವನ್ನು ಬರೆದವರ ಹೆಸರನ್ನು ಬಿಟ್ಟು ಪ್ರಶ್ನೆಯನ್ನು ಮಾತ್ರ ಓದಿರಿ. ಅಗತ್ಯವಿದ್ದರೆ ಆಮೇಲೆ ಅವರೊಡನೆ ಪ್ರತ್ಯೇಕವಾಗಿ ಮಾತನಾಡಿರಿ. ಐದನೆಯದಾಗಿ, ನೋಡಿದವರ ಸಂಖ್ಯೆಯನ್ನು ವೇದಿಕೆಯಿಂದ ಸಾರಬೇಡಿರಿ. ಕೊನೆಯದಾಗಿ, ಹಾಡು ಮತ್ತು ಮಂಗಳದ ಹೊತ್ತಿನಲ್ಲಿ ದೂರದ ಧ್ವನಿಗಳನ್ನು ಮುಚ್ಚಿಡಿರಿ; ಅವರು ತಮ್ಮ ಮನೆಯಲ್ಲಿ ಹಾಡಿಕೊಳ್ಳಲಿ, ಇಲ್ಲಿ ತಾಳ ಕೆಡುವುದು ಬೇಡ.

ಇದಕ್ಕೆಲ್ಲ ದೊಡ್ಡ ಖರ್ಚೇನೂ ಇಲ್ಲ. ಎರಡು ಫೋನು, ಒಂದು ಧ್ವನಿವರ್ಧಕ, ತಾಳ್ಮೆಯುಳ್ಳ ಒಬ್ಬ ಹುಡುಗ ಅಥವಾ ಹುಡುಗಿ ಇದ್ದರೆ ಸಾಕು. ಕರೆಂಟು ಹೋದಾಗ, ಸಿಗ್ನಲ್ ತಪ್ಪಿದಾಗ ನಡುವೆ ಕಡಿಯುವುದುಂಟು; ಮಾನ್ವಿಯಲ್ಲಿಯೂ ಹಲವು ಬಾರಿ ಕಡಿಯಿತು. ಮತ್ತೆ ಜೋಡಿಸಿಕೊಂಡು, ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದುವರಿಸಿದೆವು. ಯಾರೂ ಬೇಸರಿಸಲಿಲ್ಲ.

ಮರುಳಶಂಕರದೇವರ ಪ್ರಸಂಗವನ್ನು ನಾವು ಈಗಲೂ ಪ್ರತಿ ಶ್ರಾವಣದಲ್ಲಿ ಹೇಳುತ್ತೇವೆ. ಆದರೆ ಮೊದಲಿನ ಆವೇಶದಿಂದ ಹೇಳುವುದಿಲ್ಲ. ಅಲ್ಲಿಗೆ ಬಂದಾಗ ಸ್ವಲ್ಪ ನಿಂತು, ಕೆಳಗೆ ಕುಳಿತ ಹುಡುಗಿಯ ಕಡೆಗೆ ನೋಡಿ, 'ಯಾರಾದರೂ ಕೇಳುತ್ತಿದ್ದಾರೆಯೇ ತಾಯೀ?' ಎಂದು ಕೇಳುತ್ತೇವೆ. ಅವಳು ತನ್ನ ಫೋನನ್ನು ನೋಡಿ ಹೇಳಿದ ಮೇಲೆಯೇ ಮುಂದಿನ ಮಾತು. ನಿಮ್ಮ ಊರಿನಲ್ಲಿಯೂ ಈ ಶ್ರಾವಣದಲ್ಲಿ ಪುರಾಣ ಹಚ್ಚುವಾಗ, ಫೋನನ್ನು ಕಂಬಕ್ಕೆ ಕಟ್ಟುವ ಮುನ್ನ, ಅದರ ಆ ತುದಿಯಲ್ಲಿ ಇರುವವರಿಗಾಗಿ ಒಂದು ಜಾಗವನ್ನು ತೆಗೆದಿಡಿರೆಂದು ಬೇಡಿಕೊಂಡು ಈ ಬರಹವನ್ನು ಮುಗಿಸುತ್ತೇವೆ.